ಹಳೆಯ ಮನೆಯ ದುರಸ್ತಿ: ಕಂಟ್ರಾಕ್ಟರರನ್ನು ಗೊತ್ತು ಮಾಡುವ ಮೊದಲು

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಓದುಗರು ಈ ಮಳೆಗಾಲದಲ್ಲಿ ಬರೆದ ಪತ್ರಗಳಲ್ಲಿ ಮನೆ ದುರಸ್ತಿಗೆ ಸಂಬಂಧಿಸಿದ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮದು ತೋಟದ ನಡುವಿನ ಮನೆ. ಮುಂಭಾಗ ನನ್ನ ಮಾವನವರ ಕಾಲದ್ದು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಹಿಂಭಾಗದ ಅಡಿಗೆಮನೆ ಮತ್ತು ಬಚ್ಚಲನ್ನು ಸುಮಾರು ಮೂವತ್ತು ವರ್ಷಗಳ ಹಿಂದೆ ಸ್ಲ್ಯಾಬ್ ಹಾಕಿ ಕಟ್ಟಿಸಿದ್ದು. ಇವೆರಡೂ ಸೇರುವಲ್ಲಿ ಪ್ರತಿ ಮಳೆಗಾಲದಲ್ಲೂ ಸೋರುತ್ತದೆ. ಅಡಿಗೆಮನೆಯ ಸ್ಲ್ಯಾಬಿನ ಅಡಿಯಿಂದ ಸಾರಣೆ ಚಕ್ಕೆಚಕ್ಕೆಯಾಗಿ ಉದುರುತ್ತಿದೆ. ಬರುವ ಎಪ್ರಿಲ್‌ನಲ್ಲಿ ಮಗನ ಮದುವೆ ನಿಶ್ಚಯವಾಗಿದೆ. ಮೂವರು ಕಂಟ್ರಾಕ್ಟರರಿಗೆ ಮನೆ ತೋರಿಸಿದೆವು. ಒಬ್ಬರು ಚದರ ಅಡಿಗೆ ಇಷ್ಟು ಎಂದರು, ಇನ್ನೊಬ್ಬರು ಒಟ್ಟು ಎಂಟು ಲಕ್ಷ ಎಂದರು, ಮೂರನೆಯವರು ‘ಕೆಲಸ ಶುರು ಮಾಡುವ, ಲೆಕ್ಕ ಆಮೇಲೆ ನೋಡುವ’ ಎಂದರು. ಮೂರನೆಯವರು ನೆಂಟರ ಕಡೆಯಿಂದ ಪರಿಚಯವಾದವರು. ಯಾರನ್ನು ನಂಬಬೇಕು?
ಓದುಗರು, ಬದಿಯಡ್ಕ

ಉತ್ತರ: ಮೂವರೂ ದರದ ಮಾತಾಡಿದ್ದಾರೆ, ನೀರು ಎಲ್ಲಿಂದ ಬರುತ್ತಿದೆ, ಏಕೆ ಬರುತ್ತಿದೆ ಎಂದು ಒಬ್ಬರಾದರೂ ಹೇಳಿದ್ದು ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ಏಣಿ ಇಟ್ಟು ಮಾಡು ಹತ್ತಿ, ಹಂಚು ಸರಿಸಿ, ಹಂಚು ಹೊರುವ ಮರದ ಪಕ್ಕಾಸಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿದವರು ಅವರಲ್ಲಿ ಯಾರಾದರೂ ಇದ್ದಾರೆಯೆ? ಇಲ್ಲವಾದರೆ ಮೂರು ಲೆಕ್ಕಗಳೂ ಊಹೆಯ ಲೆಕ್ಕಗಳೇ. ಆದ್ದರಿಂದ ಯಾರನ್ನು ನಂಬಬೇಕೆಂಬ ಪ್ರಶ್ನೆಯನ್ನು ಸ್ವಲ್ಪ ದಿನ ಬದಿಗಿಟ್ಟು, ಏನು ಮಾಡಿಸಬೇಕು ಎಂಬುದನ್ನು ಮೊದಲು ನೀವೇ ಬರೆದುಕೊಳ್ಳಿ. ಅದು ಕಾಗದದ ಮೇಲೆ ಬಂದ ಬಳಿಕ, ಕಂಟ್ರಾಕ್ಟರರ ಪೈಕಿ ಯಾರು ಕೆಲಸ ಬಲ್ಲವರು ಎಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

ಮನೆಯ ದೋಷಗಳನ್ನು ನೋಡುವುದಕ್ಕೆ ಮಳೆಗಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಬೇಸಗೆಯಲ್ಲಿ ಗೋಡೆ ಒಣಗಿ, ಮೇಲೊಂದು ಸುಣ್ಣ ಕೊಟ್ಟ ಮೇಲೆ ಎಂಥ ಅನುಭವಿಗೂ ಸೋರುವ ಜಾಗ ಕಾಣಿಸದು. ಜೋರು ಮಳೆ ಬಂದ ದಿನ ಒಂದು ಪೆನ್ಸಿಲ್ ಹಿಡಿದು ಮನೆಯೊಳಗೆ ಒಂದು ಸುತ್ತು ಬನ್ನಿ. ಗೋಡೆಯಲ್ಲಿ ಒದ್ದೆ ಎಲ್ಲಿಯವರೆಗೆ ಹಬ್ಬಿದೆಯೋ ಅದರ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಮಳೆ ಬಿಟ್ಟ ಒಂದೆರಡು ದಿನಗಳಲ್ಲಿ ಗೆರೆಯಿಂದ ಹಿಂದೆ ಸರಿಯುವ ಒದ್ದೆ ಮಾಡಿನಿಂದ ಬಂದದ್ದು. ಬಿಸಿಲು ಬಂದರೂ ಕದಲದೆ ನಿಂತಿರುವ ಒದ್ದೆ ಹೆಚ್ಚಾಗಿ ಅಡಿಪಾಯದಿಂದ ಮೇಲೇರುವಂಥದ್ದು ಅಥವಾ ಗೋಡೆಯೊಳಗಿನ ಪೈಪಿನದ್ದು. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಉಪಯೋಗವಿಲ್ಲ. ಪ್ರತಿಯೊಂದು ಗುರುತಿನ ಫೋಟೋವನ್ನೂ ತೆಗೆದಿಡಿ.

ಹಂಚಿನ ಮಾಡಿಗೂ ಸ್ಲ್ಯಾಬಿಗೂ ನಡುವಿನ ಸಂದಿ ನಮ್ಮ ಊರಿನ ಎಷ್ಟೋ ಮನೆಗಳ ದುರ್ಬಲ ಜಾಗ. ಮಾಡಿನ ನೀರೆಲ್ಲ ಬಂದು ಬೀಳುವುದು ಅಲ್ಲಿಗೇ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ, ರಾತ್ರಿ ಕುಗ್ಗುತ್ತದೆ. ಮರದ ಪಕ್ಕಾಸು ಬೇರೆಯೇ ರೀತಿಯಲ್ಲಿ ಅಲುಗುತ್ತದೆ. ಆ ಸಂದಿಗೆ ಸಿಮೆಂಟು ಮೆತ್ತಿದರೆ ಒಂದು ಮಳೆಗಾಲ ನಿಂತೀತು, ಮುಂದಿನ ವರ್ಷ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಅಲ್ಲಿ ಬೇಕಾದದ್ದು ಹಂಚಿನ ಅಡಿಯವರೆಗೆ ಒಳಸೇರುವ, ಗೋಡೆಯಂಚನ್ನು ಎತ್ತರಕ್ಕೆ ತಬ್ಬಿ ಹಿಡಿಯುವ ಅಗಲವಾದ ತಗಡಿನ ದಂಬೆ ಮತ್ತು ಅದರಲ್ಲಿ ನೀರು ನಿಲ್ಲದೆ ಹರಿಯುವಷ್ಟು ಇಳಿಜಾರು. ‘ಕೆಮಿಕಲ್ ಹೊಡೆದರೆ ಸಾಕು’ ಎನ್ನುವವರ ಮಾತನ್ನು ಈ ಒಂದು ಜಾಗದ ಮಟ್ಟಿಗೆ ದಯವಿಟ್ಟು ಒಪ್ಪಬೇಡಿ.

ಅಡಿಗೆಮನೆಯ ಸ್ಲ್ಯಾಬಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ನೀರಿಳಿದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿದಾಗ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ಒಡೆದು ಹೊರದೂಡುತ್ತದೆ. ನಿಮಗೆ ಚಕ್ಕೆಯಾಗಿ ಕಾಣುವುದು ಅದರ ಕೊನೆಯ ಲಕ್ಷಣ. ಇದನ್ನು ನಾನು ಸ್ವಂತ ಮನೆಯಲ್ಲೇ ಅನುಭವಿಸಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ, ನಾನು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಗ, ಪರಿಚಯದ ಕಂಟ್ರಾಕ್ಟರ್ ಒಬ್ಬರಿಗೆ ಬಚ್ಚಲುಮನೆಯ ಸ್ಲ್ಯಾಬನ್ನು ಸರಿಪಡಿಸಲು ಹೇಳಿದ್ದೆ. ಅವರು ಸಡಿಲವಾದ ಚಕ್ಕೆಗಳನ್ನು ಕೆರೆದು, ತುಕ್ಕಿನ ಮೇಲೆಯೇ ಸಾರಣೆ ಮಾಡಿಸಿ, ಬಿಳಿ ಬಣ್ಣ ಹೊಡೆಸಿದ್ದರು. ಎರಡನೆಯ ಮಳೆಗಾಲದಲ್ಲಿ ನಾನು ಕುರ್ಚಿ ಹತ್ತಿ ಬೆರಳ ಗೆಣ್ಣಿನಿಂದ ತಟ್ಟಿದಾಗ ಖಾಲಿ ಡಬ್ಬಿ ತಟ್ಟಿದಂತೆ ಸದ್ದು ಬಂತು. ಉಗುರಿನಿಂದ ಎಬ್ಬಿಸಿದೊಡನೆ ಅಂಗೈ ಅಗಲದ ಸಾರಣೆ ಕಳಚಿ ಬಿತ್ತು. ಒಳಗಿನ ಸರಳು ಪೆನ್ಸಿಲಿಗಿಂತ ತೆಳ್ಳಗಾಗಿ, ಮುಟ್ಟಿದರೆ ಕೈಗೆ ಕೆಂಪು ಹುಡಿ ಹತ್ತುತ್ತಿತ್ತು. ಆ ಹೊತ್ತಿನಲ್ಲಿ ಕೆಳಗೆ ಮಕ್ಕಳು ಸ್ನಾನ ಮಾಡುತ್ತಿದ್ದಿದ್ದರೆ ಎಂದು ಈಗಲೂ ಯೋಚನೆ ಬರುತ್ತದೆ. ಸರಿಯಾದ ಕ್ರಮವೆಂದರೆ ಸಡಿಲವಾದದ್ದನ್ನೆಲ್ಲ ಒಡೆದು ತೆಗೆದು, ಸರಳಿನ ಹಿಂಭಾಗವೂ ಕಾಣುವಂತೆ ಬಿಡಿಸಿ, ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ, ತುಕ್ಕು ನಿರೋಧಕ ಲೇಪ ಕೊಟ್ಟು, ದುರಸ್ತಿಗೆಂದೇ ಇರುವ ಪಾಲಿಮರ್ ಮಿಶ್ರಿತ ಗಾರೆಯಿಂದ ಮುಚ್ಚುವುದು. ಜೊತೆಗೆ ಮೇಲಿನಿಂದ ನೀರಿಳಿಯದಂತೆ ಮಾಡುವುದು. ಸರಳು ಸವೆದಿದ್ದರೆ ಆ ಸ್ಲ್ಯಾಬ್ ಉಳಿಯಬಲ್ಲುದೇ ಎಂಬುದನ್ನು ಸಿವಿಲ್ ಎಂಜಿನಿಯರರು ಹೇಳಬೇಕು, ಕಂಟ್ರಾಕ್ಟರರಲ್ಲ. ಎಂಜಿನಿಯರರ ಒಂದು ದಿನದ ಶುಲ್ಕವನ್ನು ದಂಡವೆಂದು ಭಾವಿಸಬೇಡಿ.

ಹಳೆಯ ಕೆಂಪುಕಲ್ಲಿನ ಗೋಡೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ವರ್ಷದಿಂದ ವರ್ಷಕ್ಕೆ ಮಣ್ಣು ತುಂಬಿ ಅಂಗಳವು ಜಗಲಿಯ ಮಟ್ಟಕ್ಕೆ ಬಂದಿದ್ದರೆ, ಗೋಡೆಯ ಬುಡಕ್ಕೆ ಎಷ್ಟು ಸಿಮೆಂಟು ಬಳಿದರೂ ಒದ್ದೆ ಹೋಗದು. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಇನ್ನಷ್ಟು ಮೇಲೇರುತ್ತದೆ. ಮೊದಲು ಅಂಗಳದ ಮಣ್ಣು ತೆಗೆಸಿ, ಮನೆಯ ಸುತ್ತ ನೀರು ಹೊರಹೋಗುವಂತೆ ಚರಂಡಿ ಮಾಡಿಸಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳು ಮಾಡಿನ ಭಾರವನ್ನು ಹೊತ್ತಿರುವುದರಿಂದ, ಎರಡು ಕೋಣೆಗಳನ್ನು ಒಂದು ಮಾಡುವ ಆಸೆಗೆ ನಡುಗೋಡೆಯನ್ನು ಒಡೆಸುವ ಮುನ್ನವೂ ಎಂಜಿನಿಯರರನ್ನು ಕೇಳಲೇಬೇಕು.

ಇಷ್ಟನ್ನು ನೋಡಿದ ಮೇಲೆ ಕೆಲಸಗಳ ಪಟ್ಟಿ ಬರೆಯಿರಿ: ಯಾವ ಕೋಣೆ, ಏನು ಒಡೆಯಬೇಕು, ಏನು ಉಳಿಯಬೇಕು, ಅಳತೆ ಎಷ್ಟು, ವಸ್ತು ಯಾವುದು. ಅದೇ ಪಟ್ಟಿಯ ಪ್ರತಿಯನ್ನು ಮೂವರಿಗೂ ಕೊಟ್ಟು, ಪ್ರತಿಯೊಂದು ಬಾಬಿಗೂ ಬೇರೆ ಬೇರೆ ದರ ಬರೆದು ಕೊಡಲು ಹೇಳಿ. ಚದರ ಅಡಿಯ ದರವು ಹೊಸ ಮನೆಗೆ ಸರಿ. ಒಂದು ಕೋಣೆಗೆ ಬರೀ ಬಣ್ಣ, ಇನ್ನೊಂದಕ್ಕೆ ಇಡೀ ಮಾಡು ಎಂಬಂತಹ ದುರಸ್ತಿಯಲ್ಲಿ ಆ ದರಕ್ಕೆ ಅರ್ಥವಿಲ್ಲ. ಅಳೆಯುವ ಕ್ರಮವನ್ನೂ ಮೊದಲೇ ಬರೆಸಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆಯಲ್ಲಿ ಮೂರಕ್ಕೆ ಏಳು ಅಡಿಯ ಬಾಗಿಲಿದ್ದರೆ, ಬಾಗಿಲನ್ನು ಕಳೆದರೆ ಸಾರಣೆ 99 ಚದರ ಅಡಿ, ಕಳೆಯದಿದ್ದರೆ 120. ಎಂಟು ಕೋಣೆಗಳಲ್ಲಿ ಈ ವ್ಯತ್ಯಾಸ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಜಿಎಸ್‌ಟಿ ಸೇರಿದೆಯೇ, ಒಡೆದ ಕಲ್ಲುಮಣ್ಣು ಸಾಗಿಸುವ ಖರ್ಚು ಯಾರದು, ಗಡಿಯಾಚೆಯಿಂದ ತರುವ ಕಲ್ಲು ಮತ್ತು ಎಂ ಸ್ಯಾಂಡಿಗೆ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳಿಗೆ) ಸಾಗಾಟದ ಪಾಸು ಯಾರು ಮಾಡಿಸಬೇಕು ಎಂಬುದೂ ಅದರಲ್ಲಿರಲಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ‘ಲೆಕ್ಕ ಆಮೇಲೆ ನೋಡುವ’ ಎನ್ನುವವರು ಮೋಸಗಾರರೆಂದು ನಾನು ಹೇಳುವುದಿಲ್ಲ. ನಮ್ಮ ಹಿರಿಯರು ಹಾಗೆಯೇ ಮನೆ ಕಟ್ಟಿಸಿದರು. ಆದರೆ ಆಗ ಮೇಸ್ತ್ರಿಯೂ ಮನೆಯವರೂ ಒಂದೇ ಊರಿನವರಾಗಿದ್ದು, ಮರ ತೋಟದ್ದೇ, ಕಲ್ಲು ಹತ್ತಿರದ ಪಣೆಯದ್ದೇ ಆಗಿತ್ತು. ಈಗ ಎಲ್ಲವೂ ಕೊಂಡು ತರುವ ವಸ್ತು. ನೆಂಟರ ಮೂಲಕ ಬಂದವರೊಡನೆ ಲೆಕ್ಕ ಕೆಟ್ಟರೆ ಹಣದೊಂದಿಗೆ ನೆಂಟಸ್ತಿಕೆಯೂ ಕೆಡುತ್ತದೆಯಾದ್ದರಿಂದ, ಅವರೊಡನೆಯೇ ಬರವಣಿಗೆ ಹೆಚ್ಚು ಸ್ಪಷ್ಟವಾಗಿರಬೇಕು. ಪಟ್ಟಿಯನ್ನು ಕೈಗಿತ್ತಾಗ ಯಾರು ಮರುಪ್ರಶ್ನೆ ಕೇಳುತ್ತಾರೆಂದು ಗಮನಿಸಿ. ‘ಈ ಪಕ್ಕಾಸು ಹಲಸಿನದ್ದು, ಇದನ್ನು ಬದಲಿಸುವುದು ಬೇಡ, ತುದಿ ಮಾತ್ರ ಕತ್ತರಿಸಿ ಜೋಡಿಸಬಹುದು’ ಎಂದು ನಿಮ್ಮ ಖರ್ಚನ್ನು ಕಡಿಮೆ ಮಾಡುವ ಮಾತಾಡಿದವರನ್ನು ಮರೆಯಬೇಡಿ. ಅವರು ಹಿಂದೆ ಮಾಡಿದ ಕೆಲಸಗಳಲ್ಲಿ ಕನಿಷ್ಠ ಎರಡು ಮಳೆಗಾಲ ಕಳೆದ ಮನೆಗಳನ್ನೇ ನೋಡಿ. ಮೊನ್ನೆ ಗೃಹಪ್ರವೇಶವಾದ ಮನೆ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಹೋದಲ್ಲಿ ಯಜಮಾನರೊಡನೆ ಮಾತಾಡಿದರೆ ಸಾಲದು, ದಿನವಿಡೀ ಆ ಅಡಿಗೆಮನೆಯಲ್ಲಿರುವವರನ್ನು ಕೇಳಿ. ಮುಗಿದ ಮೇಲೆ ಕರೆದರೆ ಬಂದಿದ್ದಾರೆಯೆ ಎಂಬ ಒಂದು ಪ್ರಶ್ನೆ ಸಾಕು.

ಸಮಯದ ವಿಚಾರ: ತುಲಾ ತಿಂಗಳ ಗುಡುಗು ಮಳೆ ಮುಗಿಯುವ ಮೊದಲು ಮಾಡಿನ ಹಂಚು ಇಳಿಸಬೇಡಿ. ನವೆಂಬರ್ ನಡುವಿನಿಂದ ಆರಂಭಿಸಿ, ಮಾಡು ಮತ್ತು ಸ್ಲ್ಯಾಬನ್ನು ಮೊದಲು, ಆಮೇಲೆ ಪೈಪು ಮತ್ತು ವಯರಿಂಗ್, ಬಳಿಕ ಸಾರಣೆ, ನೆಲ, ಕೊನೆಗೆ ಬಣ್ಣ ಎಂಬ ಕ್ರಮದಲ್ಲಿ ಸಾಗಿದರೆ ಮಾರ್ಚ್ ನಡುವಿಗೆ ಮುಗಿಸಬಹುದು. ಆದರೆ ಅದೇ ತಿಂಗಳುಗಳಲ್ಲಿ ನಿಮ್ಮ ಅಂಗಳದಲ್ಲಿ ಅಡಿಕೆ ಒಣಗಬೇಕಲ್ಲ! ಜಲ್ಲಿ, ಮರಳು, ಕಲ್ಲುಗಳ ರಾಶಿ ಎಲ್ಲಿ ಬೀಳಬೇಕೆಂಬುದನ್ನು ಕಂಟ್ರಾಕ್ಟರರಿಗೆ ಜಾಗ ತೋರಿಸಿ ಹೇಳಿ. ಸಿಮೆಂಟಿನ ಧೂಳು ಅಡಿಕೆಗೆ ಹತ್ತಿದರೆ ಆ ನಷ್ಟವನ್ನು ಯಾರೂ ಕಟ್ಟಿಕೊಡುವುದಿಲ್ಲ. ಹೊಸ ಕಾಂಕ್ರೀಟಿಗೆ ನೀರುಣಿಸುವ ದಿನಗಳಲ್ಲಿ ಅವಸರ ಬೇಡ. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿಯಂಥ ಪದಾರ್ಥ ಬೆರೆಸಿದ) ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ ಹತ್ತು ದಿನ ಒದ್ದೆಯಾಗಿ ಇರಿಸಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮದುವೆ ಹತ್ತಿರ ಬಂತೆಂದು ಕಡಿತವಾಗುವುದು ಈ ದಿನಗಳೇ. ಬಾವಿಯಲ್ಲಿ ನೀರು ಇಳಿಯುವ ಮುಂಚೆ ಈ ಕೆಲಸ ಮುಗಿಯುವಂತೆ ನೋಡಿಕೊಳ್ಳಿ.

ಆರಂಭದ ಸಣ್ಣ ಮುಂಗಡವೊಂದನ್ನು ಬಿಟ್ಟರೆ, ಹಣವನ್ನು ಮುಗಿದ ಕೆಲಸಕ್ಕೆ ಮಾತ್ರ ಕೊಡಿ. ಎಂಟು ಲಕ್ಷದ ಕೆಲಸವೆಂದೇ ಇಟ್ಟುಕೊಂಡರೆ, ಆರಂಭಕ್ಕೆ 80,000, ಮಾಡು ಮತ್ತು ಸ್ಲ್ಯಾಬ್ ಮುಗಿದಾಗ 2,40,000, ಪೈಪು, ವಯರಿಂಗ್, ಸಾರಣೆ ಮುಗಿದಾಗ 2,00,000, ನೆಲ ಮತ್ತು ಬಾಗಿಲುಗಳಿಗೆ 1,60,000, ಬಣ್ಣ ಮುಗಿದು ಅಂಗಳ ಗುಡಿಸಿಕೊಟ್ಟಾಗ 80,000. ಉಳಿದ 40,000 ಮುಂದಿನ ಮಳೆಗಾಲ ಕಳೆಯುವವರೆಗೆ ನಿಮ್ಮಲ್ಲೇ ಇರಲಿ. ಈ ಕೊನೆಯ ಷರತ್ತನ್ನು ಕೇಳಿದೊಡನೆ ಎದ್ದು ಹೋಗುವವರಿದ್ದಾರೆ. ತಮ್ಮ ಕೆಲಸದ ಮೇಲೆ ಭರವಸೆಯಿರುವವರು ಸ್ವಲ್ಪ ಚೌಕಾಸಿ ಮಾಡಿಯಾದರೂ ಒಪ್ಪುತ್ತಾರೆ. ಹಳೆಯ ಮನೆಯ ಹಂಚಿನಡಿ ಗೆದ್ದಲು ಎಷ್ಟು ತಿಂದಿದೆಯೆಂದು ತೆರೆಯುವವರೆಗೆ ತಿಳಿಯದು. ಆದ್ದರಿಂದ ಒಟ್ಟು ಮೊತ್ತದ ಮೇಲೆ ಆರರಲ್ಲಿ ಒಂದು ಪಾಲಿನಷ್ಟನ್ನು ಬೇರೆಯಾಗಿ ತೆಗೆದಿಡಿ, ಮತ್ತು ಆ ಹಣದ ಸುದ್ದಿಯನ್ನು ಕಂಟ್ರಾಕ್ಟರರಿಗೆ ಹೇಳಬೇಡಿ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ಪೈವಳಿಕೆಯ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಬಚ್ಚಲುಮನೆಗಳನ್ನು ಹೊಸದಾಗಿ ಮಾಡಿಸಿ, ಹಳೆಯ ವಯರಿಂಗ್ ಬದಲಿಸಬೇಕು. ಕಂಟ್ರಾಕ್ಟರರು ಕಾಞಂಗಾಡಿನ ಕಡೆಯವರು. ಕರಾರುಪತ್ರವನ್ನು ಮಲಯಾಳದಲ್ಲಿ ಬರೆದು ಕಳುಹಿಸಿದ್ದಾರೆ. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು. ದೂರದಿಂದ ಈ ಕೆಲಸವನ್ನು ಹೇಗೆ ನೋಡಿಕೊಳ್ಳಲಿ?

ಉತ್ತರ: ನಿಮ್ಮ ತಂದೆಯವರು ತಾವು ಓದಲಾರದ ಕಾಗದಕ್ಕೆ ಸಹಿ ಹಾಕುವುದು ಬೇಡ. ಗಡಿನಾಡಿನಲ್ಲಿ ಇದು ದಿನನಿತ್ಯದ ತೊಡಕು. ‘ಎಲ್ಲ ಸರಿಯುಂಟು, ಇಲ್ಲಿ ಒಂದು ಸೈನ್ ಹಾಕಿ’ ಎಂಬ ಮಾತಿಗೆ ಸಂಕೋಚದಿಂದ ಸಹಿ ಹಾಕಿದ ಹಿರಿಯರನ್ನು ನಾನು ಬಹಳ ಕಂಡಿದ್ದೇನೆ. ಎಡಭಾಗದಲ್ಲಿ ಕನ್ನಡ, ಬಲಭಾಗದಲ್ಲಿ ಮಲಯಾಳ ಇರುವಂತೆ ಒಂದೇ ಕರಾರನ್ನು ಬರೆಸಿ, ಭಿನ್ನಾಭಿಪ್ರಾಯ ಬಂದರೆ ಯಾವ ಭಾಷೆಯ ಪಾಠವನ್ನು ಆಧಾರವಾಗಿ ಹಿಡಿಯಬೇಕೆಂದೂ ಅದರಲ್ಲೇ ನಮೂದಿಸಿ. ಎರಡೂ ಬಲ್ಲ ಒಬ್ಬ ವಕೀಲರಿಂದಲೋ ಅಧ್ಯಾಪಕರಿಂದಲೋ ಓದಿಸಿ ಕೇಳಿದ ಮೇಲೆ ಸಹಿಯಾಗಲಿ. ಅಂಕಿಗಳನ್ನು ಅಕ್ಷರದಲ್ಲೂ ಬರೆದಿರಬೇಕು.

ಮೇಲ್ವಿಚಾರಣೆಗೆ ಕಂಟ್ರಾಕ್ಟರರ ಕಡೆಯವರಲ್ಲದ ಒಬ್ಬ ಎಂಜಿನಿಯರರನ್ನು ಗೊತ್ತು ಮಾಡಿ, ಅವರು ಯಾವ ಯಾವ ಹಂತದಲ್ಲಿ ಬರಬೇಕೆಂದು ಮೊದಲೇ ಹೇಳಿಡಿ. ಬಚ್ಚಲುಮನೆಯ ಕೆಲಸದಲ್ಲಿ ಬಹುಭಾಗ ಟೈಲ್ಸ್ ಅಡಿಯಲ್ಲಿ ಮುಚ್ಚಿಹೋಗುವುದರಿಂದ, ಮುಚ್ಚುವ ಮೊದಲಿನ ದಿನವೇ ಮುಖ್ಯ. ಪೈಪುಗಳನ್ನು ಒತ್ತಡ ಕೊಟ್ಟು ಪರೀಕ್ಷಿಸಬೇಕು. ನೆಲಕ್ಕೆ ನೀರು ನಿರೋಧಕ ಲೇಪ ಹಾಕಿದ ಮೇಲೆ, ಹೊರಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ಎರಡು ಅಂಗುಲ ನೀರು ತುಂಬಿಸಿ, ಎರಡು ದಿನ ಬಿಟ್ಟು ಹೊರಗೋಡೆಯನ್ನು ನೋಡಬೇಕು. ಗೋಡೆಯ ಪೈಪು ಮತ್ತು ವಯರುಗಳ ಪಕ್ಕದಲ್ಲಿ ಅಳತೆಯ ಟೇಪನ್ನು ಹಿಡಿದು ಫೋಟೋ ತೆಗೆಸಿ ಇಟ್ಟುಕೊಳ್ಳಿ. ಮುಂದೊಂದು ದಿನ ಮೊಳೆ ಹೊಡೆಯುವಾಗ ಅದು ಉಪಯೋಗಕ್ಕೆ ಬರುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ನೆಲ ಒದ್ದೆಯಾಗಿರುವ ನಮ್ಮ ಮಳೆಗಾಲದಲ್ಲಿ ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನಾಗಿ ಕಡಿದುಬಿಡುವ ಸ್ವಿಚ್ಚು) ಮತ್ತು ಸರಿಯಾದ ಅರ್ತಿಂಗ್ ನಿಮ್ಮ ತಂದೆ ತಾಯಿಯವರ ಜೀವವನ್ನು ಕಾಯುವ ವಸ್ತುಗಳು. ಅನುಮತಿ ಪತ್ರವಿರುವ ವಯರಿಂಗ್ ಕೆಲಸಗಾರರಿಂದಲೇ ಮಾಡಿಸಿ.

ಸಿಮೆಂಟು, ಪೈಪು, ಟೈಲ್ಸ್‌ಗಳನ್ನು ನಿಮ್ಮ ತಂದೆಯವರ ಹೆಸರಿನ ಬಿಲ್ಲಿನಲ್ಲೇ ಕೊಂಡು, ಅಂಗಡಿಗೆ ನೇರವಾಗಿ ಹಣ ಕಳುಹಿಸಿ. ಕಂಟ್ರಾಕ್ಟರರಿಗೆ ಕೂಲಿ ಮಾತ್ರ ಸಲ್ಲಲಿ, ಅದೂ ಬ್ಯಾಂಕಿನ ಮೂಲಕ. ಅಮ್ಮನ ಕೈಯಲ್ಲಿ ಒಂದು ನೋಟುಪುಸ್ತಕ ಕೊಟ್ಟು, ಇಂದು ಎಷ್ಟು ಜನ ಬಂದರು, ಎಷ್ಟು ಚೀಲ ಬಂತು ಎಂಬ ಎರಡೇ ಸಾಲು ದಿನವೂ ಬರೆಯಲು ಹೇಳಿ. ವಿಡಿಯೋ ಕರೆಯಲ್ಲಿ ಕಾಣದ್ದು ಆ ಪುಸ್ತಕದಲ್ಲಿ ಕಾಣುತ್ತದೆ.

ಪ್ರಶ್ನೆ: ಮೂರೂವರೆ ಲಕ್ಷ ರೂಪಾಯಿ ಪಡೆದ ಕಂಟ್ರಾಕ್ಟರರು ಅರ್ಧ ಕೆಲಸ ಬಿಟ್ಟು ಹೋಗಿ ಐದು ತಿಂಗಳಾಯಿತು. ಅವರು ಪುತ್ತೂರಿನ ಕಡೆಯವರು. ಕೇಸು ಹಾಕಲು ಕರ್ನಾಟಕಕ್ಕೆ ಹೋಗಬೇಕೆ?
ಓದುಗರು, ಮುಳ್ಳೇರಿಯ

ಉತ್ತರ: ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮನೆ ನಿರ್ಮಾಣವೂ ಒಂದು ಸೇವೆಯೇ, ಮತ್ತು ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; ಎಂದರೆ ಕಾಸರಗೋಡಿನಲ್ಲಿ. ಕೊಟ್ಟ ಮೊತ್ತ ಐದು ಲಕ್ಷದೊಳಗಿರುವುದರಿಂದ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕರೆ ಮಾಡಬಹುದು.

ಆದರೆ ಬೇರೆಯವರಿಂದ ಕೆಲಸ ಮುಂದುವರಿಸುವ ಮೊದಲು ಒಂದು ಕೆಲಸ ಆಗಲೇಬೇಕು. ಈಗ ಇರುವ ಸ್ಥಿತಿಯನ್ನು ಎಂಜಿನಿಯರರೊಬ್ಬರಿಂದ ಅಳೆಸಿ, ಆಗಿರುವ ಕೆಲಸದ ಬೆಲೆ ಎಷ್ಟು, ದೋಷಗಳೇನು ಎಂಬ ವರದಿಯನ್ನು ಫೋಟೋಗಳ ಸಹಿತ ಪಡೆಯಿರಿ. ಹೊಸ ಮೇಸ್ತ್ರಿಯ ಕರಣೆ ಗೋಡೆಗೆ ತಾಗಿತೆಂದರೆ ಹಳೆಯ ತಪ್ಪು ಯಾರದೆಂದು ತೋರಿಸುವುದು ಕಷ್ಟ. ಬಳಿಕ ಹದಿನೈದು ದಿನಗಳ ಅವಧಿ ಕೊಟ್ಟು ರಿಜಿಸ್ಟ್ರೇಶನ್ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳುಹಿಸಿ. ಎಷ್ಟೋ ಜಗಳಗಳು ನೋಟೀಸಿನ ಹಂತದಲ್ಲೇ ಮಾತುಕತೆಗೆ ಬರುತ್ತವೆ. ಹಾಗೆ ಬಂದರೆ ಕೋಪ ಬಿಟ್ಟು ಮಾತಾಡಿ, ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ಹಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕಲು ಪಂಚಾಯತಿನ ಅನುಮತಿ ಬೇಕೆ? ಕಚೇರಿಯಲ್ಲಿ ಕನ್ನಡ ಅರ್ಜಿಗೆ ಸರಿಯಾದ ಉತ್ತರ ಸಿಗುತ್ತಿಲ್ಲ.
ಓದುಗರು, ವರ್ಕಾಡಿ

ಉತ್ತರ: ಬೇಕು. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಲ್ಲಿ ಸಾರಣೆ, ಬಣ್ಣ, ಒಡೆದ ಹಂಚು ಬದಲಿಸುವುದು ಮೊದಲಾದ ಸಣ್ಣ ದುರಸ್ತಿಗಳಿಗೆ ಅನುಮತಿಯ ಅಗತ್ಯವಿಲ್ಲ. ಕಟ್ಟಡದ ರಚನೆ ಬದಲಾಗುವ ಅಥವಾ ವಿಸ್ತೀರ್ಣ ಹೆಚ್ಚುವ ಕೆಲಸಗಳಿಗೆ ಬೇಕು. ಹಳೆಯ ಗೋಡೆ ಸ್ಲ್ಯಾಬಿನ ಭಾರ ಹೊರಬಲ್ಲುದೇ ಎಂಬುದು ಅನುಮತಿಗಿಂತಲೂ ಮುಖ್ಯವಾದ ಪ್ರಶ್ನೆ. ಮಣ್ಣಿನ ಗಾರೆಯ ಗೋಡೆಯಾದರೆ, ಒಳ್ಳೆಯ ಮರ ಹಾಕಿ ಹಂಚಿನ ಮಾಡನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದು ತಂಪು, ಮತ್ತು ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಬಹುದು. ಮನೆ ಪಾಲಾಗದ ಆಸ್ತಿಯಲ್ಲಿದ್ದರೆ, ಕೆಲಸಕ್ಕೆ ಮೊದಲೇ ಸಹೋದರ ಸಹೋದರಿಯರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಭಾಷೆಯ ಬಗ್ಗೆ: ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ಅಧಿಕಾರಿಗೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ಪತ್ರದಲ್ಲಿ ಆ ವಿಧಿಯನ್ನು ಉಲ್ಲೇಖಿಸಿ, ಮತ್ತು ನಿಮ್ಮಲ್ಲಿರುವ ಪ್ರತಿಗೆ ಕಚೇರಿಯ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಂಡೇ ಹೊರಬನ್ನಿ.